ಕೆ-ಕ್ಲಸ್ಟರ್ 'ಕ್ಲೋಪ್ಫ್‌ತ್ಸೈಷೆನ್' ಮರುಮುದ್ರಣ: ಯಾವ ಸದ್ದು ರೆಕಾರ್ಡಿನದು, ಯಾವುದು ನಮ್ಮ ಸೆಟಪ್ಪಿನದು?

ಹಳೇಸೂಜಿ
ಕೆ-ಕ್ಲಸ್ಟರ್ ಅನ್ನುವ ಜರ್ಮನ್ ಗುಂಪಿನ ಶ್ನಿಟ್ಸ್‌ಲರ್, ರೋಡೇಲಿಯುಸ್, ಮೋಬಿಯುಸ್ ಮೂವರು ಸೇರಿ 1969ರ ಡಿಸೆಂಬರಿನಲ್ಲಿ ಮುದ್ರಿಸಿದ 'ಕ್ಲೋಪ್ಫ್‌ತ್ಸೈಷೆನ್' ಆಲ್ಬಮ್ಮಿನ ಮರುಮುದ್ರಣ ಎಲ್.ಪಿ. ಈಗ ಟರ್ನ್‌ಟೇಬಲ್ ಮೇಲಿದೆ. ಮೊದಲೇ ಗದ್ದಲದ ಸಂಗೀತ. ಯಾವುದು ಅವರು ಬೇಕೆಂದೇ ಮಾಡಿದ ಸದ್ದು, ಯಾವುದು ಉಪಕರಣದ ಕಾಟ ಅಂತ ಬೇರ್ಪಡಿಸುವುದು ಕಷ್ಟ. ಮೂರು ಅನುಮಾನಗಳಿವೆ.

ಒಂದು, ಉದ್ದಕ್ಕೂ ಅಡಿಯಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿರುತ್ತದೆ. ಎರಡು, ಜೋರಾದ ಏಟು ಬೀಳುವುದಕ್ಕೆ ಮುಂಚೆ ಅದೇ ಏಟು ತೀರಾ ಮೆಲ್ಲಗೆ ಒಮ್ಮೆ ಕೇಳಿಸುತ್ತದೆ. ಮೂರು, ಎರಡೂ ಸೈಡಿನ ಕೊನೇ ನಾಲ್ಕೈದು ನಿಮಿಷ ಸದ್ದು ಒಡೆದು ಕರಕರ ಅನ್ನುತ್ತದೆ.

ಕಂಪ್ಯೂಟರಿಗೆ ಇಳಿಸಿ ಕ್ಲಿಕ್ ರಿಮೂವರ್, ನಾಯ್ಸ್ ರಿಡಕ್ಷನ್ ಎರಡನ್ನೂ ಓಡಿಸಬಹುದಾ? ಮೊದಲನೇ ಸೈಡಿನ ಜರ್ಮನ್ ಮಾತು ಬಿಟ್ಟು ಎರಡನೇ ಸೈಡು ಮಾತ್ರ ಕೇಳಿದರೆ ಸಾಕು ಅನ್ನುವವರೂ ಇದ್ದಾರೆ. ಅದರ ಬಗ್ಗೆಯೂ ಹೇಳಿ.

ಬಿಸಿಲುನಾಡು
ಸಿ.ಡಿ. ತಗೊಳ್ರಿ. ಮೂರೂ ತಕರಾರು ಮುಗೀತಾವ.

ಟೇಪುರಾಯ
ಮೂರೂ ಮುಗಿಯಲ್ಲ ಗುರು. ಮೂರನೆಯದು ಮಾತ್ರ ಖಂಡಿತ ಮುಗಿಯುತ್ತೆ. ಗುಂಯ್ ಮೂಲ ಟೇಪಿನಲ್ಲೇ ಇದ್ದರೆ ಸಿ.ಡಿ.ಗೂ ಬರುತ್ತೆ. ಮುಂಚೆ ಕೇಳಿಸೋ ಏಟಿಗೆ ಎರಡು ಕಾರಣ ಇರಬಹುದು, ಒಂದಕ್ಕೆ ಸಿ.ಡಿ. ಮದ್ದು, ಇನ್ನೊಂದಕ್ಕಲ್ಲ.

ಮೊದಲು ಗುಂಯ್ ನೋಡೋಣ. ಹಳೇಸೂಜಿ ಅವರೇ, ವಾಲ್ಯೂಮ್ ನೀವು ಕೇಳುವ ಮಟ್ಟದಲ್ಲೇ ಬಿಟ್ಟು ಈ ಕ್ರಮದಲ್ಲಿ ಮಾಡಿ.

ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ನಿಲ್ಲಿಸಿ, ಆರ್ಮ್ ಅದರ ಸ್ಟ್ಯಾಂಡಿನ ಮೇಲೇ ಇರಲಿ. ಆಗಲೂ ಗುಂಯ್ ಇದ್ದರೆ ರೆಕಾರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಆರ್ಮಿನ ಲೋಹದ ಭಾಗ ಬೆರಳಿನಿಂದ ಮುಟ್ಟಿ. ಗುಂಯ್ ಕಡಿಮೆಯಾದರೆ ಅಥವಾ ಜಾಸ್ತಿಯಾದರೆ ಗ್ರೌಂಡ್ ವೈರ್ ಕೂಡಿಲ್ಲ ಅಂತಲೇ ಲೆಕ್ಕ. ಟರ್ನ್‌ಟೇಬಲ್ ಹಿಂದಿನಿಂದ ಬರುವ ಆ ಒಂಟಿ ತಂತಿಯನ್ನು ಫೋನೋ ಪ್ರೀಆಂಪಿನ ಸ್ಕ್ರೂಗೆ ಬಿಗಿಯಾಗಿ ಕೂರಿಸಿ. ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್ಗಿನ ಅರ್ಥಿಂಗ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ಗುಂಯ್ ಹೋಗುತ್ತೆ ಅಂತ ಕೆಲವರು ಹೇಳಿಕೊಡ್ತಾರೆ, ಶಾಕ್ ಹೊಡೆದರೆ ಜೀವಕ್ಕೇ ಕುತ್ತು.

ಆಮೇಲೆ ಪ್ಲ್ಯಾಟರ್ ತಿರುಗಿಸಿ, ಸೂಜಿ ಇಳಿಸದೆ ಆರ್ಮನ್ನು ಗಾಳಿಯಲ್ಲೇ ಅಂಚಿನಿಂದ ಒಳಗೆ ತನ್ನಿ. ಒಳಗೆ ಬಂದ ಹಾಗೆ ಗುಂಯ್ ಏರಿದರೆ ಮೋಟಾರಿನ ಕಾಂತಕ್ಷೇತ್ರವನ್ನು ಕಾರ್ಟ್ರಿಜ್ (ಆರ್ಮಿನ ತುದಿಯಲ್ಲಿ ಸೂಜಿ ಹಿಡಿದಿರುವ ಭಾಗ) ಹಿಡಿಯುತ್ತಿದೆ. ಪಕ್ಕದಲ್ಲಿರುವ ಅಡಾಪ್ಟರೂ ಇದೇ ಕೆಲಸ ಮಾಡುತ್ತೆ, ಅರ್ಧ ಮೀಟರ್ ದೂರ ಸರಿಸಿ ನೋಡಿ.

ಇದೆಲ್ಲ ಸುಮ್ಮನಿದ್ದು, ಸೂಜಿ ರೆಕಾರ್ಡಿನ ತೋಡಿಗೆ (ಗ್ರೂವ್) ಇಳಿದ ಮೇಲೆ ಮಾತ್ರ ಗುಂಯ್ ಬಂದರೆ ಆಗ ರೆಕಾರ್ಡನ್ನು ಅನುಮಾನಿಸಿ.

ಡೆಸಿಬೆಲ್_ದಾವಣಗೆರೆ
ಟೇಪುರಾಯರ ಪಟ್ಟಿಗೆ ಇನ್ನೊಂದು ಸೇರಿಸ್ತೀನಿ. ಗುಂಯ್ ಅನ್ನೋದರಲ್ಲೂ ಎರಡು ಜಾತಿ. ಮೆತ್ತಗೆ, ದುಂಡಗೆ ಇದ್ದರೆ 50 ಹರ್ಟ್ಸ್, ತಂತಿ ಇಲ್ಲವೇ ಕಾಂತಕ್ಷೇತ್ರದ್ದು. ಒರಟಾಗಿ ಜುಂಯ್ ಅಂದರೆ 100 ಹರ್ಟ್ಸ್ ಮತ್ತದರ ಮೇಲಿನವು, ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಸೋತಿರುತ್ತೆ. ಹಳೇ ಆಂಪ್ಲಿಫೈಯರ್ ಆದರೆ ಮೊದಲು ಅದನ್ನೇ ನೋಡಿ.

ಈಗ ಎರಡನೇ ಅನುಮಾನ. ಸ್ಟಾಪ್‌ವಾಚ್ ತಗೊಂಡು ಆ ಮೆಲ್ಲಗಿನ ಏಟಿಗೂ ನಿಜವಾದ ಏಟಿಗೂ ನಡುವೆ ಎಷ್ಟು ಹೊತ್ತು ಅಂತ ಅಳೀರಿ. ಸರಿಯಾಗಿ 1.8 ಸೆಕೆಂಡ್ ಬಂದರೆ ಅದು ತೋಡಿನ ಪೂರ್ವಧ್ವನಿ. 33⅓ ವೇಗದಲ್ಲಿ ಒಂದು ಸುತ್ತಿಗೆ 60 ಭಾಗಿಸು 33.33, ಅಂದರೆ 1.8 ಸೆಕೆಂಡ್. ಕಟಿಂಗ್ ಮಾಡುವಾಗ ಜೋರು ತೋಡು ಪಕ್ಕದ ತೋಡಿನ ಗೋಡೆಯನ್ನು ಚೂರು ತಳ್ಳಿರುತ್ತೆ, ಒಂದು ಸುತ್ತು ಮುಂಚೆಯೇ ಅದರ ನೆರಳು ಕೇಳಿಸುತ್ತೆ. ಇದು ಎಲ್.ಪಿ.ಯ ಗುಣ. ತೊಳೆದರೆ ಹೋಗಲ್ಲ, ಸೂಜಿ ಬದಲಿಸಿದರೂ ಹೋಗಲ್ಲ.

1.8 ಅಲ್ಲದೆ ಬೇರೆ ಬಂದರೆ ಟೇಪಿನ ಪ್ರಿಂಟ್-ಥ್ರೂ. ಸುರುಳಿಯಲ್ಲಿ ಒಂದರ ಮೇಲೊಂದು ಕೂತ ಪದರಗಳು ಒಂದಕ್ಕೊಂದು ಕಾಂತತ್ವ ಅಂಟಿಸಿಕೊಂಡಿರುತ್ತವೆ. ಟೇಪು ಸೆಕೆಂಡಿಗೆ 38 ಸೆಂ.ಮೀ. ಓಡಿದ್ದರೆ, ಸುರುಳಿಯ ವ್ಯಾಸ 20 ಸೆಂ.ಮೀ. ಇರುವ ಕಡೆ ಅಂತರ ಸುಮಾರು 1.65 ಸೆಕೆಂಡ್, 12 ಸೆಂ.ಮೀ. ಇರುವ ಕಡೆ ಸುಮಾರು 1 ಸೆಕೆಂಡ್. ಸುರುಳಿ ಬಿಚ್ಚಿಕೊಂಡು ಚಿಕ್ಕದಾಗುತ್ತಾ ಹೋದ ಹಾಗೆ ಅಂತರವೂ ಕಮ್ಮಿಯಾಗುತ್ತಾ ಹೋಗುತ್ತೆ. ಸೈಡಿನ ಶುರು, ಮಧ್ಯ, ಕೊನೆ ಮೂರು ಕಡೆ ಅಳೆದರೆ ಯಾವುದು ಅಂತ ಸಂಶಯವೇ ಉಳಿಯಲ್ಲ.

ಬಿಸಿಲುನಾಡು
ಛಲೋ ಹೇಳಿದ್ರಿ. ಸಿ.ಡಿ.ಯೊಳಗ 1.8 ಸೆಕೆಂಡಿನ ನೆರಳು ಕೇಳಿದರ ಏನರ್ಥ ಹಂಗಾರ?

ಡೆಸಿಬೆಲ್_ದಾವಣಗೆರೆ
ಆ ಸಿ.ಡಿ. ಮಾಡಿದವರ ಹತ್ತಿರ ಟೇಪು ಇರಲಿಲ್ಲ, ಹಳೇ ಎಲ್.ಪಿ.ಯಿಂದಲೇ ಇಳಿಸಿದ್ದಾರೆ ಅಂತ. ಚಟ್ ಚಟ್ ಸದ್ದನ್ನು ಸಾಫ್ಟ್‌ವೇರ್ ಅಳಿಸಬಹುದು, ಪೂರ್ವಧ್ವನಿಯನ್ನು ಯಾರೂ ಅಳಿಸೋಕೆ ಹೋಗಲ್ಲ. ಹಳೇ ಜರ್ಮನ್ ಆಲ್ಬಮ್ಮುಗಳ ಅನಧಿಕೃತ ಸಿ.ಡಿ.ಗಳನ್ನು ಪತ್ತೆ ಹಚ್ಚೋಕೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಪದರಪ್ರಭು
ಪ್ರಿಂಟ್-ಥ್ರೂ ವಿಷಯದಲ್ಲಿ ಒಂದು ತಿದ್ದುಪಡಿ. ಅದು ಮುಂಚೆಯೂ ಬರುತ್ತೆ, ಆಮೇಲೂ ಬರುತ್ತೆ. ಯಾವುದು ಜೋರು ಅನ್ನೋದು ಟೇಪನ್ನು ಹೇಗೆ ಸುತ್ತಿಟ್ಟಿದ್ದಾರೆ ಅನ್ನೋದರ ಮೇಲೆ. ಮುದ್ರಣ ಮುಗಿದ ಮೇಲೆ ಹಿಂದಕ್ಕೆ ಸುತ್ತದೆ, ಬಾಲ ಹೊರಗೆ ಬರುವ ಹಾಗೆ ಇಟ್ಟಿದ್ದರೆ ಜೋರು ನೆರಳು ಏಟಿನ ನಂತರ ಬೀಳುತ್ತೆ, ಸಂಗೀತದಲ್ಲಿ ಮುಚ್ಚಿಹೋಗುತ್ತೆ. ತಲೆ ಹೊರಗಿಟ್ಟರೆ ಏಟಿಗೆ ಮುಂಚೆ ಬಿದ್ದು ಎದ್ದು ಕಾಣುತ್ತೆ. ಟೇಪು ತೆಳ್ಳಗಿದ್ದಷ್ಟೂ ಕಾಟ ಹೆಚ್ಚು. ಸ್ಟುಡಿಯೋ ಟೇಪು ಸುಮಾರು 50 ಮೈಕ್ರಾನ್, ಮನೆಬಳಕೆಯ ಲಾಂಗ್ ಪ್ಲೇ ಟೇಪು ಸುಮಾರು 35.

ಕೆ-ಕ್ಲಸ್ಟರಿನಂಥ ಆಲ್ಬಮ್ಮಿನಲ್ಲಿ 'ನಂತರದ ನೆರಳು' ಗುರುತಿಸುವುದು ಹೆಚ್ಚುಕಮ್ಮಿ ಅಸಾಧ್ಯ. ಎಲ್ಲ ಸದ್ದಿಗೂ ಎಕೋ ಹಾಕಿ ಹಾಕಿ ಇಟ್ಟಿದ್ದಾರೆ. ಅದಕ್ಕೇ ಮುಂಚಿನದನ್ನೇ ಅಳೆಯಬೇಕು.

ಗುಂಗುರು
ಇದರಲ್ಲಿ ಮೂಗ್ ಸಿಂಥಸೈಜರ್ ಯಾವ ಮಾಡೆಲ್ ಬಳಸಿದ್ದಾರೆ? ಅಷ್ಟು ದಪ್ಪ ಸದ್ದು ಬೇರೆ ಯಾವುದರಿಂದ ಬರಲು ಸಾಧ್ಯ?

ಕಲೋನ್_ಕನ್ನಡತಿ
ಮೂಗ್ ಇಲ್ಲ. ಸಿಂಥಸೈಜರೇ ಇಲ್ಲ. ಚೆಲ್ಲೋ, ಗಿಟಾರ್, ಆರ್ಗನ್, ತಾಳವಾದ್ಯ, ಸಿಗ್ನಲ್ ಜನರೇಟರ್, ಕಾಂಟ್ಯಾಕ್ಟ್ ಮೈಕು (ವಸ್ತುವಿಗೇ ಅಂಟಿಸಿ ಅದರ ಕಂಪನ ಹಿಡಿಯುವ ಮೈಕು), ಟೇಪ್ ಎಕೋ, ಇಷ್ಟರಲ್ಲೇ ಆದ ಕೆಲಸ. ನೀವು ಪೊಪೋಲ್ ವೂ ಗುಂಪಿನ 1970ರ 'ಆಫೆನ್‌ಸ್ಟುಂಡೆ' ಜೊತೆ ಗೊಂದಲ ಮಾಡಿಕೊಂಡಿರಬಹುದು. ಫ್ಲೋರಿಯಾನ್ ಫ್ರಿಕೆಯ ಹತ್ತಿರ ದೊಡ್ಡ ಮೂಗ್ ಇತ್ತು, ಆಗಿನ ಜರ್ಮನಿಯಲ್ಲಿ ಅದು ಅಪರೂಪದ ಸೊತ್ತು. ಇವರಿಗೆ ಅಂಥದ್ದು ಕೊಳ್ಳುವ ದುಡ್ಡಿರಲಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಶ್ನಿಟ್ಸ್‌ಲರ್ ಡುಸೆಲ್ಡಾರ್ಫಿನಲ್ಲಿ ಯೋಸೆಫ್ ಬಾಯ್ಸ್ ಹತ್ತಿರ ಶಿಲ್ಪ ಕಲಿತವರು. ಬರ್ಲಿನ್ನಿಗೆ ಬಂದು ರೋಡೇಲಿಯುಸ್ ಮತ್ತಿತರರ ಜೊತೆ 1968ರಲ್ಲಿ ಹಲ್ಲೆಶೆಸ್ ಊಫರ್ ದಂಡೆಯ ರಂಗಮಂದಿರದ ಹಿಂಭಾಗದಲ್ಲಿ ತ್ಸೋಡಿಯಾಕ್ ಅನ್ನುವ ಜಾಗ ತೆರೆದರು. ಯಾರು ಬೇಕಾದರೂ ಏನು ಬೇಕಾದರೂ ನುಡಿಸಬಹುದಾಗಿದ್ದ ಜಾಗ. ಟ್ಯಾಂಜರೀನ್ ಡ್ರೀಮ್ ಕೂಡ ಅಲ್ಲಿ ನುಡಿಸಿದವರೇ. ಅವರ ಮೊದಲ ಆಲ್ಬಮ್ 'ಎಲೆಕ್ಟ್ರಾನಿಕ್ ಮೆಡಿಟೇಷನ್'ನಲ್ಲಿ ಶ್ನಿಟ್ಸ್‌ಲರ್ ಇದ್ದಾರೆ.

'ಕ್ಲೋಪ್ಫ್‌ತ್ಸೈಷೆನ್' ಮುದ್ರಣವಾದದ್ದು ಕಲೋನಿನ ದಕ್ಷಿಣ ತುದಿಯ ಗೋಡಾರ್ಫ್‌ನಲ್ಲಿದ್ದ ರೇನುಸ್ ಸ್ಟುಡಿಯೋದಲ್ಲಿ. ಇಂಜಿನಿಯರ್ ಕೊನಿ ಪ್ಲಾಂಕ್. ದುಡ್ಡು ಹಾಕಿದ್ದು ಶ್ವಾನ್ ಅನ್ನುವ ಚರ್ಚ್ ಸಂಗೀತದ ಕಂಪನಿ. ಅದಕ್ಕೆ ಇವರನ್ನು ಜೋಡಿಸಿದವರು ಓಸ್ಕರ್ ಗಾಟ್ಲೀಬ್ ಬ್ಲಾರ್, ಡುಸೆಲ್ಡಾರ್ಫಿನ ಚರ್ಚ್ ಆರ್ಗನ್ ವಾದಕರು. ಒಂದು ಸೈಡಿನಲ್ಲಿ ಧಾರ್ಮಿಕ ಪಠ್ಯ ಇರಲೇಬೇಕು ಅನ್ನುವುದು ಷರತ್ತು. ಮೊದಲ ಸೈಡಿನಲ್ಲಿ ಕ್ರಿಸ್ಟಾ ರುಂಗೆ ಓದುವುದು ಅದಕ್ಕೇ. ಎರಡು ತಿಂಗಳಾದ ಮೇಲೆ, 1970ರ ಫೆಬ್ರವರಿಯಲ್ಲಿ, 'ತ್ಸ್ವೈ-ಓಸ್ಟರ್‌ಐ' ಕೂಡ ಇದೇ ಒಪ್ಪಂದದಲ್ಲಿ ಆಯಿತು, ಅಲ್ಲಿ ಓದುವುದು ಮಾನ್‌ಫ್ರೆಡ್ ಪೇಟೆ. ಆಗ ಅಚ್ಚಾದದ್ದು ತಲಾ 300ರ ಆಸುಪಾಸು ಪ್ರತಿ. ಮೂಲ ಪ್ರತಿ ಹುಡುಕುವವರು ಈ ಸಂಖ್ಯೆ ನೆನಪಿನಲ್ಲಿಡಿ.

ಗುಂಗುರು
ಹಾಗಾದರೆ 'ಕ್ಲಸ್ಟರ್ 2', 'ತ್ಸುಕರ್‌ತ್ಸೈಟ್' ಇವೆಲ್ಲ ಇದೇ ಮೂವರದ್ದಾ?

ಪದರಪ್ರಭು
ಅಲ್ಲ. 1971ರಲ್ಲಿ ಶ್ನಿಟ್ಸ್‌ಲರ್ ಹೊರಟರು, ಉಳಿದ ಇಬ್ಬರು ಹೆಸರಿನ ಮೊದಲ ಅಕ್ಷರ ಕೆ ಇದ್ದದ್ದನ್ನು ಸಿ ಮಾಡಿಕೊಂಡರು. ಅದಕ್ಕೇ ನಾವಿಲ್ಲಿ ಕೆ-ಕ್ಲಸ್ಟರ್, ಸಿ-ಕ್ಲಸ್ಟರ್ ಅಂತ ಬರೆಯೋದು. ಸಿ-ಕ್ಲಸ್ಟರಿನ ಮೊದಲನೇದು 1971ರಲ್ಲಿ ಫಿಲಿಪ್ಸ್‌ನಿಂದ ಬಂತು, 'ಕ್ಲಸ್ಟರ್ 2' 1972ರಲ್ಲಿ ಬ್ರೈನ್‌ನಿಂದ. 1974ರ 'ತ್ಸುಕರ್‌ತ್ಸೈಟ್' ಹೊತ್ತಿಗೆ ರಿದಮ್ ಯಂತ್ರ ಬಂದಾಗಿತ್ತು, ಸಂಗೀತವೇ ಬೇರೆ. ಮೊದಲ ಬಾರಿಗೆ ಕೇಳುವವರು ಅದರಿಂದ ಹಿಂದಕ್ಕೆ ಬರುವುದು ಒಳ್ಳೆಯದು.

ಕಡಲತಡಿ
ಮಾತಿನ ಸೈಡು ಬಿಟ್ಟುಬಿಡಿ ಮಾರಾಯ್ರೇ. ಚರ್ಚಿನವರ ಷರತ್ತಿಗೆ ಸೇರಿಸಿದ್ದು ಅಂತ ಮೇಲೇ ಬರೆದಿದ್ದಾರಲ್ಲ. ಸಂಗೀತಗಾರರಿಗೇ ಬೇಡವಾಗಿದ್ದದ್ದನ್ನು ನಾವು ಯಾಕೆ ಕೇಳಬೇಕು? ಎರಡನೇ ಸೈಡಿನಲ್ಲಿ ಬರೀ ಸಂಗೀತ ಉಂಟು, ಅದೇ ನಿಜವಾದ ಕೆ-ಕ್ಲಸ್ಟರ್.

ಕಲೋನ್_ಕನ್ನಡತಿ
ಒಪ್ಪಲ್ಲ. ಷರತ್ತು ಹೇಗೆ ಬಂತು ಅನ್ನೋದು ಒಂದು, ಕಿವಿಗೆ ಏನಾಗುತ್ತೆ ಅನ್ನೋದು ಇನ್ನೊಂದು. ಎರಡನೇ ಸೈಡಿನಲ್ಲಿ ಸದ್ದುಗಳು ಎಷ್ಟು ದೊಡ್ಡವು, ಎಷ್ಟು ದೂರದವು ಅಂತ ಅಳೆಯಲು ಏನೂ ಇಲ್ಲ. ಮೊದಲನೇ ಸೈಡಿನಲ್ಲಿ ಮನುಷ್ಯರ ಧ್ವನಿ ಮುಂದೆ ನಿಂತಿದೆ. ಅದರ ಹಿಂದೆ ಲೋಹ ಉಜ್ಜಿದ ಸದ್ದು ಬಂದಾಗ ಅದರ ಗಾತ್ರ, ದೂರ ಎಲ್ಲ ಗೊತ್ತಾಗುತ್ತೆ. ಓದುವಿಕೆ ನಿಂತ ಕ್ಷಣ ಹಿಂದಿನ ಸದ್ದು ಮುಂದೆ ನುಗ್ಗುತ್ತೆ. ಒಮ್ಮೆ ಆ ಬಿಡುವುಗಳ ಮೇಲೇ ಗಮನ ಇಟ್ಟು ಕೇಳಿ.

ಜರ್ಮನ್ ಗೊತ್ತಿದ್ದವರಿಗೆ ಪಠ್ಯ ಉಪದೇಶದ ಥರ ಕೇಳಿಸುತ್ತೆ, ಅದು ನಿಜ. ಗೊತ್ತಿಲ್ಲದ ಕೇಳುಗರಿಗೆ ಅದು ಬರೀ ದನಿ. ಆ ಲೆಕ್ಕದಲ್ಲಿ ಮಂಗಳೂರಿನಲ್ಲಿ ಕೂತವರಿಗೇ ಈ ಸೈಡು ಹೆಚ್ಚು ದಕ್ಕಬೇಕು.

ಕಡಲತಡಿ
ಬಿಡುವುಗಳ ವಿಷಯ ಸರಿ ಉಂಟು. ಆದರೂ 20 ನಿಮಿಷ ದಾಟಿದ ಸೈಡಿನಲ್ಲಿ ಎಷ್ಟು ಬಿಡುವು ಅಕ್ಕ? ನನ್ನ ಮತ ಎರಡನೇ ಸೈಡಿಗೇ.

ಹಳೇಸೂಜಿ
ಪರೀಕ್ಷೆ ಮಾಡಿದೆ. ಆರ್ಮ್ ಸ್ಟ್ಯಾಂಡಿನ ಮೇಲಿದ್ದಾಗಲೂ ಗುಂಯ್ ಇತ್ತು, ಮುಟ್ಟಿದರೆ ಬದಲಾಗುತ್ತಿತ್ತು. ಗ್ರೌಂಡ್ ತಂತಿಯ ತುದಿಯ ಯು ಆಕಾರದ ಕ್ಲಿಪ್ಪಿನೊಳಗೆ ತಂತಿ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಕಾಣುವ ಹಾಗಿರಲಿಲ್ಲ. ಸುಲಿದು ನೇರ ಸ್ಕ್ರೂಗೆ ಸುತ್ತಿದೆ, ಮುಕ್ಕಾಲು ಭಾಗ ಹೋಯಿತು. ಉಳಿದ ಕಾಲು ಭಾಗ ಸೂಜಿ ಇಳಿಸಿದ ಮೇಲೆ ಮಾತ್ರ ಬರುತ್ತದೆ. ಪೂರ್ವಧ್ವನಿ ಮೂರು ಕಡೆಯೂ 1.8 ಸೆಕೆಂಡ್.

ಡೆಸಿಬೆಲ್_ದಾವಣಗೆರೆ
ಹಾಗಾದರೆ ಎರಡನೇದು ಇತ್ಯರ್ಥ, ತೋಡಿನದೇ. ಪ್ಲ್ಯಾಟರ್ ಮೇಲೆ ಎಲ್.ಪಿ. ಇರುವ ತನಕ ಅದು ಇರುತ್ತೆ. ಉಳಿದ ಕಾಲು ಭಾಗ ಗುಂಯ್‌ಗೆ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ (ಯಾವ ಆವೃತ್ತಿ ಎಷ್ಟಿದೆ ಅನ್ನೋ ನಕ್ಷೆ) ತೆಗೀರಿ. ಎಫ್.ಎಫ್.ಟಿ. ಗಾತ್ರ 16384 ಇಟ್ಟರೆ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 2.7 ಹರ್ಟ್ಸ್ ನಿಖರತೆ ಸಿಗುತ್ತೆ. ಅದು ಸಾಲದು, 65536 ಇಡಿ, ಆಗ 0.7 ಹರ್ಟ್ಸ್. ಮೊದಲು ಸಂಗೀತ ಶುರುವಾಗುವ ಮುಂಚಿನ ಖಾಲಿ ತೋಡು, ಆಮೇಲೆ ತೀರಾ ಮೆಲ್ಲಗಿನ ಒಂದು ಭಾಗ, ಎರಡನ್ನೂ ಹೋಲಿಸಿ. ಖಾಲಿ ತೋಡಿನಲ್ಲೂ ಇದ್ದರೆ ಮೋಟಾರಿನ ರಂಬಲ್, ಅಂದರೆ ಅದರ ಅದುರು. ಸಂಗೀತದ ಜೊತೆ ಮಾತ್ರ ಇದ್ದರೆ ಟೇಪಿನಲ್ಲಿರೋದು.

ಪದರಪ್ರಭು
ಇಲ್ಲೊಂದು ತೊಡಕಿದೆ. ಜರ್ಮನಿಯ ಕರೆಂಟೂ 50 ಹರ್ಟ್ಸ್, ನಮ್ಮದೂ 50. ಆವೃತ್ತಿ ನೋಡಿ 'ಇದು ಗೋಡಾರ್ಫಿನದು, ಇದು ನಮ್ಮನೆಯದು' ಅನ್ನೋಕಾಗಲ್ಲ. ಅಮೆರಿಕದಲ್ಲಿ ಮಾಡಿದ ಟ್ರಾನ್ಸ್‌ಫರ್ ಆದರೆ 60ರ ಹತ್ತಿರ ಒಂದು ಗೆರೆ ಎದ್ದು ಕಾಣಬಹುದು, ಅದು ಸುಲಭ.

ಆದರೆ ಇದರಿಂದಲೇ ಒಂದು ಲಾಭವೂ ಇದೆ. ಟೇಪಿನಲ್ಲಿ ಕೂತ ಗುಂಯ್ ಟೇಪಿನ ವೇಗದ ಜೊತೆ ಏರಿಳಿಯುತ್ತೆ, ನಮ್ಮನೆ ಗುಂಯ್ ಏರಿಳಿಯಲ್ಲ. ಗೆರೆ 50ರ ಬದಲು 51ರಲ್ಲಿ ಕಂಡರೆ, ಮುದ್ರಣದಿಂದ ನಿಮ್ಮ ಸ್ಪೀಕರ್ ತನಕ ಎಲ್ಲೋ ಒಂದು ಕಡೆ ವೇಗ ಶೇ. 2 ಹೆಚ್ಚಾಗಿದೆ. ಶೇ. 2 ಅಂದರೆ ಸುಮಾರು 34 ಸೆಂಟ್, ಅರ್ಧ ಸ್ವರದ ಮೂರನೇ ಒಂದು ಭಾಗ. ಶ್ರುತಿಯೇ ಇಲ್ಲದ ಸಂಗೀತದಲ್ಲಿ ವೇಗ ಸರಿಯಿದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆ ಗುರುತು ಸಿಗಲ್ಲ.

ಟೇಪುರಾಯ
ಆ ಲೆಕ್ಕ ಹಾಕುವ ಮೊದಲು ಪ್ಲ್ಯಾಟರ್ ವೇಗ ಸರಿ ಇರಬೇಕು. ಸ್ಟ್ರೋಬ್ ಡಿಸ್ಕ್ (ಮಿಣುಕುವ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ ಅಂತ ತೋರಿಸುವ ಬಿಲ್ಲೆ) ಪ್ರಿಂಟ್ ತೆಗೆಯುವವರು ಗಮನಿಸಿ: 50 ಹರ್ಟ್ಸ್‌ಗೆ 33⅓ ವೃತ್ತದಲ್ಲಿ 180 ಗೆರೆ ಇರಬೇಕು. 216 ಇದ್ದರೆ ಅದು ಅಮೆರಿಕದ 60 ಹರ್ಟ್ಸ್‌ನದು, ನಮ್ಮಲ್ಲಿ ಕೆಲಸಕ್ಕೆ ಬಾರದು. ಇನ್ನೊಂದು, ಈಗಿನ ಎಲ್.ಇ.ಡಿ. ಬಲ್ಬುಗಳಲ್ಲಿ ಹೆಚ್ಚಿನವು ಮಿಣುಕುವುದೇ ಇಲ್ಲ ಅಥವಾ ಬೇರೆ ಆವೃತ್ತಿಯಲ್ಲಿ ಮಿಣುಕುತ್ತವೆ. ತಾಮ್ರದ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಅಥವಾ ಟೆಸ್ಟರಿನೊಳಗಿನಂಥ ನಿಯಾನ್ ಬಲ್ಬ್ ಬೇಕು. ರೆಕಾರ್ಡಿನ ಮೇಲೆ ಸೂಜಿ ಇಳಿಸಿಯೇ ನೋಡಿ, ಸೂಜಿಯ ಎಳೆತಕ್ಕೆ ವೇಗ ಚೂರು ಇಳಿಯುತ್ತೆ.

ಸೋಲ್ಡರ್_ಸೀನ
ಈಗ ಕ್ಲಿಕ್ ರಿಮೂವರ್ ವಿಷಯ. ದಯವಿಟ್ಟು ಈ ಆಲ್ಬಮ್ ಮೇಲೆ ಇಡೀ ಸೈಡಿಗೆ ಒಂದೇ ಸಲ ಓಡಿಸಬೇಡಿ.

ಕಾರಣ ಹೇಳ್ತೀನಿ. ಧೂಳು, ಗೀರಿನ ಕ್ಲಿಕ್ಕು ಒಂದು ಮಿಲಿಸೆಕೆಂಡಿಗಿಂತ ಚಿಕ್ಕದು, 44.1ರಲ್ಲಿ ಹೆಚ್ಚೆಂದರೆ 44 ಸ್ಯಾಂಪಲ್. ಸಾಫ್ಟ್‌ವೇರ್ ಹುಡುಕೋದು ಇಂಥ ಚೂಪಾದ, ಗಿಡ್ಡ ಏರಿಕೆಗಳನ್ನೇ. ಕಂಡ ಕೂಡಲೇ ಅದನ್ನು ಕಿತ್ತು, ಎರಡೂ ಬದಿಯಿಂದ ಅಂದಾಜು ಮಾಡಿ ತೇಪೆ ಹಾಕುತ್ತೆ. ಕಾಂಟ್ಯಾಕ್ಟ್ ಮೈಕು ಅಂಟಿಸಿದ ತಗಡಿಗೆ ಬೆರಳಿಂದ ತಟ್ಟಿದರೆ ಬರುವ ಸದ್ದಿನ ಮೊದಲ ಚೂರೂ ಹಾಗೇ ಇರುತ್ತೆ: ಗಾಳಿ ಇಲ್ಲ, ಕೋಣೆ ಇಲ್ಲ, ನೇರ ಏಟು, ಅರ್ಧ ಮಿಲಿಸೆಕೆಂಡಿನೊಳಗೆ ತುತ್ತತುದಿ. ಸಾಫ್ಟ್‌ವೇರಿಗೆ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. ಏಟಿನ ಮೂತಿ ಕತ್ತರಿಸಿ ಬಾಲ ಮಾತ್ರ ಉಳಿಸುತ್ತೆ. ಆಮೇಲೆ ಕೇಳಿದರೆ ಎಲ್ಲ ಏಟೂ ಬಟ್ಟೆ ಸುತ್ತಿದ ಕೋಲಿನಿಂದ ಹೊಡೆದ ಹಾಗೆ.

ಕೈಯಲ್ಲೇ ಮಾಡಿ. ವೇವ್‌ಫಾರ್ಮ್ ಹಿಗ್ಗಿಸಿ ನೋಡಿ. ಗೀರಿನ ಕ್ಲಿಕ್ಕು 1.8 ಸೆಕೆಂಡಿಗೊಮ್ಮೆ ಮರಳುತ್ತೆ, ಹಿಂದೆ ಬಾಲ ಇರಲ್ಲ, ಎಡ ಬಲ ಚಾನೆಲ್‌ಗಳಲ್ಲಿ ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಮ್ಮಿ ಇರುತ್ತೆ. ಸಂಗೀತದ ಏಟಿಗೆ ಬಾಲ ಇರುತ್ತೆ, ಬಾಲದ ಹಿಂದೆ ಎಕೋ ಇರುತ್ತೆ. ಬಾಲ ಇಲ್ಲದ್ದನ್ನು ಮಾತ್ರ ಆರಿಸಿ ರಿಪೇರಿ ಆಜ್ಞೆ ಕೊಡಿ. ಆಡಾಸಿಟಿಯ ರಿಪೇರಿ ಒಂದು ಸಲಕ್ಕೆ 128 ಸ್ಯಾಂಪಲ್ ತನಕ ಮಾತ್ರ ತಗೊಳ್ಳುತ್ತೆ, ಇಲ್ಲಿ ಅದು ಬೇಕಾದಷ್ಟಾಯಿತು.

ಬಿಸಿಲುನಾಡು
ಕ್ಲಿಕ್ ಬಿಡ್ರಿ, ನಾಯ್ಸ್ ರಿಡಕ್ಷನ್ ಆದರೂ ನಡೀತದಲ್ಲ? ಸುಸ್ ಅನ್ನೋ ಹಿಸ್ ಯಾರಿಗೆ ಬೇಕಾಗೇದ?

ಪದರಪ್ರಭು
ಅದು ಇನ್ನೂ ಅಪಾಯ. ಖಾಲಿ ಭಾಗದಿಂದ ಗದ್ದಲದ ಮಾದರಿ ತೆಗೆದುಕೊಂಡು, ಇಡೀ ಸೈಡಿನಲ್ಲಿ ಆ ಮಟ್ಟಕ್ಕಿಂತ ಕೆಳಗಿನದನ್ನೆಲ್ಲ ಆವೃತ್ತಿವಾರು ಅದುಮುವುದೇ ಅದರ ಕೆಲಸ. ಹಾಡು, ಪಿಟೀಲು ಇದ್ದರೆ ನಡೆಯುತ್ತೆ, ಅವು ಗದ್ದಲಕ್ಕಿಂತ ಬೇರೆಯಾಗಿ ಕಾಣುತ್ತವೆ. ಇಲ್ಲಿ ಸಂಗೀತವೇ ಗದ್ದಲದ ಆಕಾರದ್ದು. ಎಕೋದ ಬಾಲ ಕರಗುತ್ತಾ ಕರಗುತ್ತಾ ಹಿಸ್ಸಿನ ಮಟ್ಟಕ್ಕೆ ಇಳಿದ ಕೂಡಲೇ ಸಾಫ್ಟ್‌ವೇರ್ ಅದನ್ನೂ ಕತ್ತರಿಸುತ್ತೆ. ಕರಗುವ ಜಾಗದಲ್ಲಿ ನೀರಿನೊಳಗೆ ಗುಳುಗುಳು ಅಂದ ಹಾಗೆ ಚಿಲಿಪಿಲಿ ಉಳಿಯುತ್ತೆ. ಪ್ಲಾಂಕ್ ಕೆಲಸದ ಜೀವ ಇರೋದೇ ಆ ಬಾಲಗಳಲ್ಲಿ. ಹಿಸ್ಸನ್ನು ಹಾಗೇ ಬಿಡಿ. ತೀರಾ ತೊಂದರೆ ಅನಿಸಿದರೆ 25 ಹರ್ಟ್ಸ್ ಕೆಳಗಿನದನ್ನು ಮಾತ್ರ ಹೈ-ಪಾಸ್ ಫಿಲ್ಟರಿನಿಂದ ತೆಗೆಯಿರಿ, ರಂಬಲ್ ಹೋಗುತ್ತೆ, ಸಂಗೀತಕ್ಕೆ ಏನೂ ಆಗಲ್ಲ.

ಗುಂಗುರು
ಕಾಂಟ್ಯಾಕ್ಟ್ ಮೈಕು ಅಂದಿರಲ್ಲ, ಅದನ್ನು ಮನೆಯಲ್ಲಿ ಮಾಡಿಕೊಳ್ಳಬಹುದಾ ಸೀನಣ್ಣ?

ಸೋಲ್ಡರ್_ಸೀನ
ಮಾಡಬಹುದು. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋಗಿ 27 ಮಿ.ಮೀ. ಪೀಜೋ ಡಿಸ್ಕ್ ಕೇಳಿ. ಬಜರ್‌ಗೆ ಹಾಕುವ ಹಿತ್ತಾಳೆ ಬಿಲ್ಲೆ, ಮಧ್ಯದಲ್ಲಿ ಬಿಳಿ ವೃತ್ತ ಇರುತ್ತೆ. ಒಂದು ಮೀಟರ್ ಶೀಲ್ಡೆಡ್ ಕೇಬಲ್, ಒಂದು ಕಾಲಿಂಚಿನ ಜಾಕ್.

ಕೇಬಲ್ಲಿನ ಒಳತಂತಿ ಮಧ್ಯದ ಬಿಳಿ ವೃತ್ತಕ್ಕೆ, ಹೊರಜಾಲಿ ಹಿತ್ತಾಳೆಗೆ. ಬಿಳಿ ವೃತ್ತದ ಮೇಲಿರೋದು ತೆಳು ಬೆಳ್ಳಿ ಲೇಪ, ಬೆಸುಗೆ ಕಬ್ಬಿಣ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಲೇಪ ಎದ್ದು ಬರುತ್ತೆ, ಡಿಸ್ಕ್ ಸತ್ತಂತೆ. ಮೊದಲು ತಂತಿಗೆ ಸೀಸ ಹಚ್ಚಿಟ್ಟುಕೊಂಡು ಆಮೇಲೆ ಮುಟ್ಟಿಸಿ ತೆಗೆಯಿರಿ. ವೃತ್ತದ ಅಂಚಿನ ಹತ್ತಿರ ಬೆಸೆಯಿರಿ, ನಟ್ಟನಡುವೆ ಬೇಡ. ಬೆಸುಗೆಯ ಮೇಲೆ ಒಂದು ಹನಿ ಎಪಾಕ್ಸಿ ಹಾಕಿದರೆ ತಂತಿ ಎಳೆದರೂ ಕೀಳಲ್ಲ.

ಎಲ್ಲರೂ ಎಡವೋ ಜಾಗ ಇದು: ಅದನ್ನು ನೇರ ಲೈನ್-ಇನ್‌ಗೆ ಹಾಕಿ 'ತಗಡಿನ ಥರ ಚಿರಚಿರ ಅನ್ನುತ್ತೆ, ಬೇಸ್ ಇಲ್ಲ' ಅಂತಾರೆ. ಡಿಸ್ಕಿನ ಕೆಪಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. 10 ಕಿಲೋಓಮಿನ ಇನ್‌ಪುಟ್‌ಗೆ ಹಾಕಿದರೆ ಸುಮಾರು 800 ಹರ್ಟ್ಸ್ ಕೆಳಗಿನದೆಲ್ಲ ಕುಸಿಯುತ್ತೆ. 1 ಮೆಗಾಓಮ್ ಇರುವ ಗಿಟಾರ್ ಇನ್‌ಪುಟ್‌ಗೆ ಹಾಕಿ, ಕುಸಿತ 8 ಹರ್ಟ್ಸ್‌ಗೆ ಇಳಿಯುತ್ತೆ. ಆಡಿಯೋ ಇಂಟರ್‌ಫೇಸಿನಲ್ಲಿ 'ಇನ್‌ಸ್ಟ್ರುಮೆಂಟ್' ಬಟನ್ ಇರೋದು ಇದಕ್ಕೇ. ಅದೇ ಡಿಸ್ಕು, ಅದೇ ತಗಡು, ಆದರೆ ಗುಡುಗು ಬರುತ್ತೆ. ಕೆ-ಕ್ಲಸ್ಟರಿನ ಆ ದಪ್ಪ ಸದ್ದು ಸಿಂಥಸೈಜರ್ ಇಲ್ಲದೆ ಹೇಗೆ ಸಾಧ್ಯ ಅಂದಿರಲ್ಲ, ಮಾಡಿ ನೋಡಿದರೆ ಗೊತ್ತಾಗುತ್ತೆ.

ಗುಂಗುರು
ಎಕೋ? ಅದಕ್ಕೂ ಸಾಫ್ಟ್‌ವೇರ್ ಸಾಕಲ್ಲವಾ?

ಟೇಪುರಾಯ
ಸಾಕು, ಆದರೆ ಟೇಪು ಹೇಗೆ ಮಾಡುತ್ತಿತ್ತು ಅಂತ ತಿಳಿದಿರಲಿ. ಮೂರು ಹೆಡ್ಡಿನ ಮಷೀನಿನಲ್ಲಿ ರೆಕಾರ್ಡ್ ಹೆಡ್ಡಿಗೂ ಪ್ಲೇ ಹೆಡ್ಡಿಗೂ 4 ಸೆಂ.ಮೀ. ಅಂತರ ಅಂದುಕೊಳ್ಳಿ. ಟೇಪು ಸೆಕೆಂಡಿಗೆ 19 ಸೆಂ.ಮೀ. ಓಡಿದರೆ ಎಕೋ 0.21 ಸೆಕೆಂಡ್ ತಡವಾಗಿ ಬರುತ್ತೆ, 9.5ರಲ್ಲಿ 0.42. ಹೊರಬಂದದ್ದನ್ನು ಮತ್ತೆ ಒಳಗೆ ಕೊಟ್ಟರೆ ಅದು ಮರಳಿ ಮರಳಿ ಬರುತ್ತೆ. ಕೊಡುವ ಮಟ್ಟ ಚೂರು ಜಾಸ್ತಿಯಾದರೆ ಪ್ರತಿ ಸುತ್ತಿಗೂ ಬೆಳೆದು ಕೊನೆಗೆ ಊಳಿಡುತ್ತೆ. ಊಳಿಡುವ ಗಡಿಯಲ್ಲಿ ಗುಂಡಿ ಹಿಡಿದು ನಿಲ್ಲಿಸುವುದೇ ಕೈಚಳಕ.

ಸಾಫ್ಟ್‌ವೇರಿನಲ್ಲಿ ಅದೇ ಪರಿಣಾಮ ಬೇಕಾದರೆ ಫೀಡ್‌ಬ್ಯಾಕ್ ದಾರಿಯಲ್ಲಿ ಲೋ-ಪಾಸ್ ಫಿಲ್ಟರ್ ಹಾಕಿ 4 ಕಿಲೋಹರ್ಟ್ಸ್ ಆಸುಪಾಸಿಗೆ ಇಡಿ, ಜೊತೆಗೆ ಸ್ವಲ್ಪ ಸ್ಯಾಚುರೇಷನ್. ಟೇಪು ಪ್ರತಿ ಸುತ್ತಿನಲ್ಲೂ ಮೇಲಿನ ಆವೃತ್ತಿ ತಿನ್ನುತ್ತಿತ್ತು, ಅದಕ್ಕೇ ಬಾಲ ಕಪ್ಪಾಗುತ್ತಾ ಹೋಗುತ್ತೆ. ಫಿಲ್ಟರ್ ಇಲ್ಲದ ಎಕೋ ಹೊಳೆಯುತ್ತಲೇ ಇರುತ್ತೆ, ಕೆಲವೇ ಸುತ್ತಿಗೆ ಕಿವಿ ಕೊರೆಯುತ್ತೆ.

ಪದರಪ್ರಭು
ಎರಡು ಮಷೀನಿನ ವಿಧಾನವೂ ಇದೆ. ಮೊದಲನೇದರಲ್ಲಿ ರೆಕಾರ್ಡ್, ಟೇಪು ಮೇಜು ದಾಟಿ ಎರಡನೇದಕ್ಕೆ ಹೋಗಿ ಅಲ್ಲಿ ಪ್ಲೇ. ಒಂದು ಮೀಟರ್ ಅಂತರ, 19ರ ವೇಗ, ಐದು ಸೆಕೆಂಡಿಗಿಂತ ಚೂರು ಹೆಚ್ಚು ತಡ. ಎರಡೂ ಕ್ಯಾಪ್‌ಸ್ಟನ್ (ಟೇಪು ಎಳೆಯುವ ಕಡ್ಡಿ) ವೇಗ ಒಂದೇ ಇಲ್ಲದಿದ್ದರೆ ನಡುವಿನ ಟೇಪು ಜೋತುಬೀಳುತ್ತೆ ಅಥವಾ ಬಿಗಿದು ಸದ್ದು ಅಲೆಯುತ್ತೆ.

ಶ್ರುತಿಪೆಟ್ಟಿಗೆ
ವಿಷಯ ಸ್ವಲ್ಪ ಪಕ್ಕಕ್ಕೆ. ಇವರು ಗೋಡಾರ್ಫಿನಲ್ಲಿ ಸಿಂಥಸೈಜರ್ ಇಲ್ಲದೆ ಮುದ್ರಿಸಿದ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಡೇವಿಡ್ ಟ್ಯೂಡರ್ ಮೂಗ್ ತಂದು ಸ್ಟುಡಿಯೋ ಕೂರಿಸಿದ್ದರು. ಅಲ್ಲಿ 1972ರ ತನಕ ಆದ ಕೆಲಸ 'ಎನ್.ಐ.ಡಿ. ಟೇಪ್ಸ್' ಅನ್ನುವ ಹೆಸರಿನಲ್ಲಿ ಈಗ ಬಿಡುಗಡೆಯಾಗಿದೆ. ಗೀತಾ ಸಾರಾಭಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅವರ ತುಣುಕುಗಳು ಅದರಲ್ಲಿವೆ. ಕೆ-ಕ್ಲಸ್ಟರ್ ಇಷ್ಟಪಡುವವರು ಅದನ್ನೂ ಕೇಳಲೇಬೇಕು.

ಕಡಲತಡಿ
ಅದು ಸಂಸ್ಥೆಯ ಸ್ಟುಡಿಯೋ, ಇದು ಕೈಗೆ ಸಿಕ್ಕಿದ್ದರಲ್ಲಿ ಮಾಡಿದ್ದು. ಹೋಲಿಸುವುದು ಕಷ್ಟ ಮಾರಾಯ್ರೇ. ಸ್ಟುಡಿಯೋ ಅಂದರೆ ಕಲೋನ್ ರೇಡಿಯೋದ್ದನ್ನು ಹೋಲಿಸಿ, 1950ರ ದಶಕದಲ್ಲಿ ಐಮರ್ಟ್, ಸ್ಟಾಕ್‌ಹೌಸೆನ್ ಕೂತದ್ದು ಅಲ್ಲಿ.

ಶ್ರುತಿಪೆಟ್ಟಿಗೆ
ಹೋಲಿಸುತ್ತಿಲ್ಲ ಸರ್. ಒಂದೇ ಹೊತ್ತಿನಲ್ಲಿ ಎರಡು ಕಡೆ ಆದದ್ದು, ಎರಡೂ ದಶಕಗಳ ಕಾಲ ಹೆಚ್ಚಿನವರಿಗೆ ಕೇಳಸಿಗದೇ ಇದ್ದದ್ದು. ಮರುಮುದ್ರಣ ಯಾಕೆ ಬೇಕು ಅನ್ನೋದಕ್ಕೆ ಇಷ್ಟು ಸಾಲದಾ?

ಹಳೇಸೂಜಿ
ಉಳಿದ ಗುಂಯ್ ಖಾಲಿ ತೋಡಿನಲ್ಲೂ ಇದೆ. ಅಂದರೆ ಮೋಟಾರಿನದೇ. ಮೂರನೇದು ಇನ್ನೂ ಬಾಕಿ, ಕೊನೇ ನಿಮಿಷಗಳ ಕರಕರ.

ಟೇಪುರಾಯ
ಅದು ಒಳತೋಡಿನ ಸಮಸ್ಯೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ತೋಡು ಹಾದುಹೋಗುತ್ತೆ, ಲೇಬಲ್ ಹತ್ತಿರ ಬರೀ 21. ಅದೇ ಸದ್ದನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿರುತ್ತಾರೆ. ದುಂಡು ತುದಿಯ ಸೂಜಿಗೆ ಆ ಸಣ್ಣ ತಿರುವುಗಳೊಳಗೆ ಇಳಿಯೋಕಾಗಲ್ಲ.

ಮೊದಲು ಸೂಜಿಯ ತುದಿ ಭೂತಗನ್ನಡಿಯಲ್ಲಿ ನೋಡಿ, ಕೂದಲು ಕಟ್ಟಿಕೊಂಡಿದ್ದರೆ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ. ಆಮೇಲೆ ಜೋಡಣೆ. ಬೇರ್‌ವಾಲ್ಡ್ ಪ್ರೊಟ್ರ್ಯಾಕ್ಟರ್ (ಕಾರ್ಟ್ರಿಜ್ ಕೋನ ನೋಡುವ ಗೆರೆಹಾಳೆ) ಪ್ರಿಂಟ್ ತೆಗೆದು, ಕೇಂದ್ರದಿಂದ 66 ಮಿ.ಮೀ. ಮತ್ತು 120.9 ಮಿ.ಮೀ. ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗಳಿಗೆ ಸಮಾನಾಂತರ ಇದೆಯಾ ನೋಡಿ. ಪ್ರಿಂಟ್ ತೆಗೆಯುವಾಗ 'ಪುಟಕ್ಕೆ ಹೊಂದಿಸು' ಅನ್ನೋದು ಬಂದ್ ಮಾಡಿ, ಇಲ್ಲದಿದ್ದರೆ ಅಳತೆ ಕುಗ್ಗುತ್ತೆ. ಅಡಿಪಟ್ಟಿಯಿಂದ ಒಮ್ಮೆ ಅಳೆದೇ ಬಳಸಿ.

ಸೂಜಿಭಾರ ಕಾರ್ಟ್ರಿಜ್ ಕಂಪನಿ ಹೇಳಿದ ವ್ಯಾಪ್ತಿಯ ಮೇಲರ್ಧದಲ್ಲಿರಲಿ. ಹಗುರ ಇಟ್ಟರೆ ರೆಕಾರ್ಡಿಗೆ ಒಳ್ಳೇದು ಅನ್ನೋದು ತಪ್ಪು. ಹಗುರ ಸೂಜಿ ತೋಡಿನಲ್ಲಿ ಕುಣಿದು ಗೋಡೆ ಕೆತ್ತುತ್ತೆ.

ಕರಕರ ಬಲ ಚಾನೆಲ್ಲಿನಲ್ಲೇ ಹೆಚ್ಚು ಅನಿಸಿದರೆ ಆ್ಯಂಟಿ-ಸ್ಕೇಟ್ (ಆರ್ಮ್ ಒಳಕ್ಕೆ ಜಾರದಂತೆ ಹೊರಕ್ಕೆ ಎಳೆಯುವ ಬಲ) ಸ್ವಲ್ಪ ಏರಿಸಿ, ಎಡದಲ್ಲಿ ಹೆಚ್ಚು ಅನಿಸಿದರೆ ಇಳಿಸಿ.

ಪದರಪ್ರಭು
ಇದೇ ಸಾಲಿನಲ್ಲಿ ಕ್ಲಾಸ್ ಶುಲ್ಟ್ಸೆಯ 1972ರ 'ಇರ್‌ಲಿಷ್ಟ್' ಎಲ್.ಪಿ. ತರಿಸುವವರು ಗಮನಿಸಿ, ಅದರ ಮೊದಲ ಸೈಡು 29 ನಿಮಿಷದ್ದು. ಅಷ್ಟು ಉದ್ದ ತುಂಬಿಸಬೇಕಾದರೆ ತೋಡು ಕಿರಿದಾಗಬೇಕು, ಸದ್ದಿನ ಮಟ್ಟ ಇಳಿಸಲೇಬೇಕು. ವಾಲ್ಯೂಮ್ ಏರಿಸುತ್ತೀರಿ, ಜೊತೆಗೆ ಚಟ್ ಚಟ್ ಕೂಡ ಏರುತ್ತೆ. ಆ ಆಲ್ಬಮ್ಮಿಗೆ ಸಿ.ಡಿ.ಯೇ ಸರಿ. ಬಿಸಿಲುನಾಡು ಅವರ ಮಾತು ಅಲ್ಲಿ ಪೂರ್ತಿ ಒಪ್ಪುತ್ತೇನೆ.

ಬಿಸಿಲುನಾಡು
ನಾ ಮೊದಲ ಹೇಳಿದ್ದೆ ನೋಡ್ರಿ.

ಹಳೇಸೂಜಿ
120.9ರಲ್ಲಿ ಸರಿ ಇದೆ, 66ರಲ್ಲಿ ಕಾರ್ಟ್ರಿಜ್ ಒಳಕ್ಕೆ ತಿರುಗಿದೆ. ಸ್ಕ್ರೂ ಸಡಿಲಿಸಿ ಹೆಡ್‌ಶೆಲ್ಲಿನಲ್ಲಿ (ಕಾರ್ಟ್ರಿಜ್ ಕೂರುವ ಆರ್ಮಿನ ತುದಿ) ಮುಂದಕ್ಕೆ ತಳ್ಳಬೇಕಾ, ಹಿಂದಕ್ಕಾ?

ಟೇಪುರಾಯ
ಹೊರಬಿಂದು ಸರಿಯಿದ್ದು ಒಳಬಿಂದುವಿನಲ್ಲಿ ಮೂತಿ ಕೇಂದ್ರದ ಕಡೆಗೆ ತಿರುಗಿದ್ದರೆ ಮುಂದಕ್ಕೆ, ಹೊರಗಡೆಗೆ ತಿರುಗಿದ್ದರೆ ಹಿಂದಕ್ಕೆ. ಅರ್ಧ ಮಿ.ಮೀ. ಮಾತ್ರ ಸರಿಸಿ ಮತ್ತೆ ಎರಡೂ ಬಿಂದು ನೋಡಿ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಚೂರು ಕೆಡುತ್ತೆ, ಎರಡೂ ಕೂಡುವ ತನಕ ಹೀಗೇ ಹೋಗಬೇಕು. ಸ್ಕ್ರೂ ಬಿಗಿಸುವಾಗಲೇ ಕಾರ್ಟ್ರಿಜ್ ತಿರುಗಿಬಿಡುತ್ತೆ, ಅದಕ್ಕೆ ಎರಡೂ ಸ್ಕ್ರೂ ಸರದಿಯಂತೆ ಕಾಲು ಕಾಲು ಸುತ್ತು ಬಿಗಿಸಿ. ಜಾಗ ಬದಲಾದ ಮೇಲೆ ಸೂಜಿಭಾರವೂ ಬದಲಾಗಿರುತ್ತೆ, ಕೊನೆಗೆ ಅದನ್ನು ಮತ್ತೆ ತೂಗಿ.